ರಸ್ತೆಯಾಚೆಯ ಮಾವ

ನನ್ನ ಸೋದರಮಾವ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಒಂದು ನಾಯಿಗೂ ಗಾಲಿ ತಾಗಿಸಿದವರಲ್ಲ. ಅಂಥವರು ನಿವೃತ್ತರಾದ ಮೇಲೆ ರಸ್ತೆ ದಾಟುವುದನ್ನೇ ಬಿಟ್ಟುಬಿಟ್ಟರು. ಅವರ ಬಾಡಿಗೆ ಕೋಣೆ ಆಚೆ, ನಮ್ಮ ಮನೆ ಈಚೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ದಿನಾ ಅಮ್ಮನೇ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದಳು.

“ಬರ್ತಿರೋ ಡ್ರೈವರ್ ಮುಖಾನ ದಿಟ್ಟಿಸಿ ನೋಡಿದ್ರೆ ಸಾಕು, ತಾನಾಗೇ ನಿಧಾನ ಮಾಡ್ತಾನೆ,” ಎನ್ನುವುದು ಅಮ್ಮನ ಸಿದ್ಧಾಂತ. ಸೊಸೆಯನ್ನು ಗದರುವ ಅತ್ತೆಯ ಹಾಗೆ ದುರುಗುಟ್ಟಿಕೊಂಡು ನೆಟ್ಟಗೆ ನಡೆದುಬಿಡುತ್ತಿದ್ದಳು.

ಒಂದು ದಿನ ಮಾವನನ್ನು ಕೆಣಕಿದೆ. “ಹುಲಿ ಹಾಗೆ ಬಸ್ ಓಡಿಸ್ತಿದ್ರಿ, ಈಗ ಇಲಿ ಹಾಗೆ ಬಿಲದಲ್ಲಿ ಕೂತಿದ್ದೀರಲ್ಲ ಮಾವ?”

ಅವರು ನಗಲಿಲ್ಲ. “ಜನ ನನ್ನ ಮುಖ ನೋಡ್ಕೊಂಡು ದಾಟ್ತಿದ್ರು ಕಣೇ. ನಾನು ಕನ್ನಡಿ ನೋಡ್ತಿದ್ದೆ, ಮುಂದಿನ ಲಾರಿ ನೋಡ್ತಿದ್ದೆ, ಸ್ಟಾಪಲ್ಲಿ ಎಷ್ಟು ಜನ ಅಂತ ನೋಡ್ತಿದ್ದೆ. ದಾಟಿದವರ ಒಂದು ಮುಖಾನೂ ನೆನಪಿಲ್ಲ. ಅವರು ಉಳಿದಿದ್ದು ಅವರ ಅದೃಷ್ಟ.”

“ಹಾಗಾದ್ರೆ ಆಟೋದಲ್ಲಿ ಬನ್ನಿ.”

“ಅದನ್ನ ಓಡಿಸೋನೂ ನನ್ನಂಥವನೇ ಅಲ್ವಾ?”

ಹಾವಿನ ಹೆಜ್ಜೆ ಹಾವೇ ಬಲ್ಲದು. ಆಮೇಲೆ ದನಿ ತಗ್ಗಿಸಿ, “ಇದನ್ನ ಅಕ್ಕಂಗೆ ಹೇಳ್ಬೇಡ. ಆ ಧೈರ್ಯದ ಮೇಲೇ ದಾಟ್ತಾಳೆ. ನಡುವೆ ಅನುಮಾನ ಬಂದ್ರೆ ಕಾಲು ನಿಂತುಬಿಡುತ್ತೆ,” ಎಂದರು. ನಾನು ಹೇಳಲಿಲ್ಲ. ಡಬ್ಬಿ ನಾನು ಒಯ್ಯುತ್ತೇನೆಂದರೆ ಅಮ್ಮ ಕೊಡುತ್ತಲೂ ಇರಲಿಲ್ಲ. ಅವಳು ಆಚೆ ಮುಟ್ಟುವವರೆಗೂ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ.

ಕೊನೆಗೆ ಅಮ್ಮನನ್ನು ಕೆಡವಿದ್ದು ವಾಹನವಲ್ಲ, ಅವಳದೇ ಹೃದಯ. ಇನ್ನು ಕೆಲವು ದಿನ ಅಷ್ಟೇ ಎಂದು ಡಾಕ್ಟರು ಮನೆಗೆ ಕಳಿಸಿದರು. ಅವಳ ಮಂಚವನ್ನು ರಸ್ತೆ ಕಡೆಯ ಕಿಟಕಿಗೆ ತಾಗಿಸಿ ಹಾಕಿದೆ. “ತಮ್ಮ ಬರ್ತಾನಾ?” ಎಂಬುದೊಂದೇ ಮಾತು.

ಮಾವ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಸ್ತೆಯಂಚಿಗೆ ಬರುತ್ತಿದ್ದರು. ಒಂದು ಕಾಲು ಕೆಳಗಿಟ್ಟು ಮತ್ತೆ ಮೇಲೆ ತೆಗೆದುಕೊಳ್ಳುತ್ತಿದ್ದರು. ನಾನೇ ಹೋಗಿ ಕೈ ಹಿಡಿದೆ. ಅಂಗೈ ಬೆವರಿಗೆ ಜಾರುತ್ತಿತ್ತು. ಎರಡು ಹೆಜ್ಜೆ ಬಂದವರು ಕೈ ಕೊಸರಿಕೊಂಡು ಹಿಂದಕ್ಕೆ ಓಡಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಐದನೆಯ ದಿನ ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಆಚೆ ಮಾವ ನಿಂತಿದ್ದರು. ಅಮ್ಮ ಕಷ್ಟಪಟ್ಟು ಕೈ ಎತ್ತಿದಳು.

“ನೋಡೇ, ನನ್ನನ್ನೇ ನೋಡ್ತಿದ್ದಾನೆ. ಪಾಪ, ಕಣ್ಣು ಕೀಳ್ತಿಲ್ಲ.”

ನಾನು ನೋಡಿದೆ. ಮಾವನ ಮುಖ ನಮ್ಮ ಕಡೆಗಿತ್ತು. ಕಣ್ಣು ಬರುತ್ತಿದ್ದ ಲಾರಿಯ ಮೇಲಿತ್ತು.

“ಹೌದಮ್ಮ,” ಎಂದೆ, “ನಿನ್ನನ್ನೇ.”