ಟೆನಿಸ್ ಕೋರ್ಟಿನಲ್ಲಿ ಒಂದು ತಂಬಿಗೆ ಮಜ್ಜಿಗೆ

ಮೂರನೆಯ ಸೆಟ್ಟಿನಲ್ಲಿ ಸರ್ವ್ ಮಾಡಲು ಚೆಂಡನ್ನು ಮೇಲಕ್ಕೆಸೆದೆ. ಚೆಂಡು ಕೆಳಗೆ ಬರುವ ಮೊದಲೇ ನಾನು ಬಿದ್ದಿದ್ದೆ. ಎರಡೂ ಮೀನಖಂಡಗಳು ಕಲ್ಲಿನಂತೆ ಸೆಟೆದುಕೊಂಡಿದ್ದವು.

ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಪಂದ್ಯ ಆಡಲು ಬಂದಿದ್ದೆ. ಆಟದ ನಡುವೆ ನೀರು ಕುಡಿದರೆ ಹೊಟ್ಟೆ ಭಾರವಾಗಿ ಓಟ ನಿಲ್ಲುತ್ತದೆ ಎಂಬುದು ನಮ್ಮ ತರಬೇತುದಾರರ ಮಹಾಸಿದ್ಧಾಂತ. ಚಾಂಪಿಯನ್ನರಿಗೆ ಗ್ಲೂಕೋಸ್ ಪುಡಿಯೊಂದಿದ್ದರೆ ಸಾಕಂತೆ. ಆಜ್ಞಾಧಾರಕನಾದ ನಾನು ಬೆಳಗಿನ ರೊಟ್ಟಿ ಬಿಟ್ಟು ಅರ್ಧ ಡಬ್ಬಿ ಪುಡಿ ಮುಕ್ಕಿದ್ದೆ. ಗುರುಗಳು ಮಾತ್ರ ನೆರಳಿನಲ್ಲಿ ಕುಳಿತು ಸೋಡಾ ಕುಡಿಯುತ್ತ, "ಮನಸ್ಸು ಗಟ್ಟಿ ಮಾಡಿ ಏಳೋ" ಎನ್ನುತ್ತಿದ್ದರು.

ಕೋರ್ಟಿಗೆ ನೀರು ಹೊಡೆಯುವ ಕೆಲಸದ ಸಿದ್ದವ್ವ ಎದ್ದು ಬಂದಳು. ತನ್ನ ಬುತ್ತಿಯ ಜೊತೆ ತಂದಿದ್ದ ಉಪ್ಪು ಹಾಕಿದ ಮಜ್ಜಿಗೆಯ ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದಳು. ಆಮೇಲೆ ಗುರುಗಳ ಕಡೆ ತಿರುಗಿದಳು.

"ಬ್ಯಾಸಗ್ಯಾಗ ನಮ್ಮ ಕುರಿಗೂ ಉಪ್ಪು, ನೀರು ಕೊಡ್ತೀವ್ರಿ ಸಾಹೇಬ್ರ. ಈ ತಮ್ಮಗ ಯಾಕ ಕೊಡಂಗಿಲ್ಲ?"

ಗುರುಗಳು ಸೋಡಾ ಬಾಟಲಿಯನ್ನು ಮೆಲ್ಲಗೆ ಕುರ್ಚಿಯ ಹಿಂದೆ ಇಟ್ಟರು. ಪಂದ್ಯ ಹೋಯಿತು. ಆದರೆ ಸ್ವಲ್ಪ ಹೊತ್ತಿಗೆ ಕಾಲು ಸಡಿಲಾಗಿ, ಬಸ್ ನಿಲ್ದಾಣಕ್ಕೆ ನಾನೇ ನಡೆದು ಹೋದೆ.

ಮುಂದಿನ ತಿಂಗಳಿನಿಂದ ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ಉಪ್ಪು ಹಾಕಿದ ನೀರು ಸಿಗತೊಡಗಿತು. ಅದು ತಾವು ಪ್ರಯೋಗ ಮಾಡಿ ಕಂಡುಹಿಡಿದ ವೈಜ್ಞಾನಿಕ ವಿಧಾನವೆಂದು ಗುರುಗಳು ಹೊಸಬರಿಗೆ ವಿವರಿಸುತ್ತಿದ್ದರು. ಪ್ರಯೋಗ ನಡೆದದ್ದು ನನ್ನ ಮೇಲೆಯೇ ಆದ್ದರಿಂದ, ಪೂರ್ತಿ ಸುಳ್ಳು ಎನ್ನಲು ನನಗೂ ಬಾಯಿ ಬರಲಿಲ್ಲ.