ದಡ ಕಾಣುವಷ್ಟು ದೂರ

ಆ ಹಡಗಿನಲ್ಲಿ ಬೆಂದ ಇಡ್ಲಿ ಯಾವತ್ತೂ ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ತೆಳುವಾಗಿರುತ್ತಿತ್ತು. ಹಡಗು ಚಿಕ್ಕದು, ಹಳೆಯದು. ಸಣ್ಣ ಅಲೆಗೂ ವಾಲುತ್ತಿತ್ತು, ಹಿಟ್ಟು ವಾಲಿದ ಕಡೆಗೆ ಹರಿದು ಅಲ್ಲಿಯೇ ಬೇಯುತ್ತಿತ್ತು. ಪ್ರಯಾಣಿಕರಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಬೊಂಬಾಯಿಯ ಒಬ್ಬ ವ್ಯಾಪಾರಿ ಪ್ರತಿ ವರ್ಷ ಬರುತ್ತಿದ್ದರು. ಇಡ್ಲಿಯನ್ನು ಎತ್ತಿ ನೋಡಿ, ಇವತ್ತು ಗಾಳಿ ಯಾವ ಕಡೆಯಿಂದ ಎಂದು ಹೇಳುತ್ತಿದ್ದರು.

ಇಡ್ಲಿ ಮಾಡುತ್ತಿದ್ದವರು ನನ್ನ ಸೋದರಮಾವ. ಊರು ಕಾಪು. ಎಪ್ಪತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾವಿಬ್ಬರೂ ಆ ಹಡಗಿನಲ್ಲಿದ್ದೆವು. ಮಳೆಗಾಲ ಮುಗಿದ ಮೇಲೆ ಬೊಂಬಾಯಿಯಿಂದ ಹೊರಟು ಗೋವಾ, ಕಾರವಾರ, ಮಂಗಳೂರು ಮುಟ್ಟಿ ತಿರುಗಿ ಹೋಗುವ ವಿಹಾರದ ಹಡಗು ಅದು. ಜನರು ರಜೆಗೆಂದು ಬರುತ್ತಿದ್ದರು. ಹೆಚ್ಚಿನವರು ಗುಜರಾತಿ ಕುಟುಂಬದವರಾದ್ದರಿಂದ ಸಸ್ಯಾಹಾರಕ್ಕೆ ಬೇರೆಯೇ ಅಡುಗೆಮನೆ ಬೇಕಾಯಿತು. ಹಡಗಿನವರು ಉಡುಪಿ ಕಡೆಯ ಅಡುಗೆಯವರನ್ನು ಹುಡುಕಿದಾಗ ಮಾವ ಸಿಕ್ಕಿದರು. ಮರುವರ್ಷ, ಟೈಪಿಂಗ್ ಬರುತ್ತದೆ ಎಂದು ಅವರೇ ನನ್ನನ್ನು ಸೇರಿಸಿದರು. ಪ್ರಯಾಣಿಕರ ಪಟ್ಟಿ, ಊಟದ ಪಟ್ಟಿ, ಯಾವ ಬಂದರಿಗೆ ಎಷ್ಟು ಹೊತ್ತಿಗೆ ಮುಟ್ಟಿದೆವು ಎಂಬ ವಿವರ, ಇವನ್ನೆಲ್ಲ ಟೈಪ್ ಮಾಡುವುದು ನನ್ನ ಕೆಲಸ. ಆಗ ನನಗೆ ಇಪ್ಪತ್ತಾರು.

ಈಗ ಬಂದರಿಗೆ ಬರುವ ಹಡಗುಗಳನ್ನು ನೋಡಿದ್ದೇನೆ. ಅವು ಬಹುಮಹಡಿ ಕಟ್ಟಡಗಳ ಹಾಗಿವೆ. ನಮ್ಮದರಲ್ಲಿ ಊಟದ ಕೋಣೆಗೆ ನಲವತ್ತು ಕುರ್ಚಿ. ಎರಡು ಪಂಕ್ತಿಯಲ್ಲಿ ಬಡಿಸಬೇಕು. ಮರದ ಕಟಕಟೆಗಳಿಗೆ ಎಷ್ಟು ಸಲ ಬಣ್ಣ ಬಳಿದಿದ್ದರೆಂದರೆ ಮೂಲೆಗಳೆಲ್ಲ ದುಂಡಗಾಗಿದ್ದವು. ಸ್ನಾನಕ್ಕೆ ಬರುವ ನೀರು ತುಕ್ಕಿನ ಬಣ್ಣದ್ದು. ನಾಲ್ವರು ಮಲಗುವ ನಮ್ಮ ಕೋಣೆಯಲ್ಲಿ ಇಬ್ಬರು ಎದ್ದು ನಿಂತರೆ ಉಳಿದಿಬ್ಬರು ಮಲಗಿಯೇ ಇರಬೇಕು. ಜಿರಳೆ ಧಾರಾಳ. ಆದರೆ ಎರಡನೇ ದಿನಕ್ಕೆ ಎಲ್ಲರ ಮುಖ ಎಲ್ಲರಿಗೂ ಪರಿಚಯವಾಗುತ್ತಿತ್ತು. ಬೆಳಿಗ್ಗೆ ಮಂಗಳೂರಿನಿಂದ ಹೊರಟು ಎರಡು ಗಂಟೆಯೊಳಗೆ ಕಾಪುವಿನ ದೀಪಸ್ತಂಭದ ಎದುರು ಹಾಯುವಾಗ, ಮೇಲಿನ ಡೆಕ್ಕಿನಲ್ಲಿ ಕ್ಯಾನ್ವಾಸ್ ಕುರ್ಚಿಯಲ್ಲಿ ಕುಳಿತ ಯಾರಾದರೂ ನನ್ನನ್ನು ಕರೆದು, ‘ನಿಮ್ಮ ಊರು ಬಂತು’ ಎನ್ನುತ್ತಿದ್ದರು.

ಮಾವನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಅವರ ಅಡುಗೆಮನೆ ಕೆಳಗಿನ ಅಂತಸ್ತಿನಲ್ಲಿತ್ತು. ಒಂದೂ ಕಿಟಕಿ ಇಲ್ಲ. ಹೊಗೆ ಹೋಗಲು ಒಂದು ಕೊಳವೆ, ಅಷ್ಟೆ. ಅದರಿಂದಲೇ ಈ ಕಥೆ ಆಯಿತು.

ಊರಿನ ದೇವಸ್ಥಾನದಲ್ಲಿ ಮಳೆಗಾಲದ ಸೋಣ ತಿಂಗಳ ಹದಿನೈದು ದಿನ ನೈವೇದ್ಯದ ಅಡುಗೆ ಮಾವನ ಸರದಿ. ಅವರ ತಂದೆಯಿಂದ ಬಂದದ್ದು. ವರ್ಷದ ಉಳಿದ ದಿನಗಳಲ್ಲಿ ಎಲ್ಲಿ ಏನು ಮಾಡಿದರೂ ಮಾವ ತಮ್ಮನ್ನು ಆ ಹದಿನೈದು ದಿನಗಳ ಮನುಷ್ಯ ಎಂದೇ ತಿಳಿದಿದ್ದರು. ಸಮುದ್ರ ದಾಟಿದವರು ಆ ನೈವೇದ್ಯದ ಒಲೆಯ ಮುಂದೆ ಕೂರುವ ಹಾಗಿಲ್ಲ. ಹಾಗಾಗಿ ಹಡಗಿನ ಕೆಲಸ ಬಂದಾಗ ಮಾವ ದೇವಸ್ಥಾನದ ಆಚಾರ ನಿರ್ಣಯಿಸುವ ತಂತ್ರಿಗಳನ್ನು ಕೇಳಿದ್ದರು. ತಂತ್ರಿಗಳು ಕಾರ್ಕಳದ ಹತ್ತಿರ ಇದ್ದ ವಯಸ್ಸಾದವರು, ಸಿಡುಕಿಲ್ಲದ ಮನುಷ್ಯ.

‘ದಡ ಕಾಣ್ತಾ ಇರ್ತದಾ?’ ಎಂದು ಅವರು ಕೇಳಿದರಂತೆ.

‘ದಡದ ಬದಿಯಲ್ಲೇ ಹೋಗುದಂತೆ.’

‘ಹಾಗಾದರೆ ಅದು ದೊಡ್ಡ ಹೊಳೆಯಲ್ಲಿ ದೋಣಿ ಹತ್ತಿದ ಹಾಗೆ. ದಡ ತಪ್ಪಿದರೆ ಮಾತ್ರ ಸಮುದ್ರ.’

‘ರಾತ್ರಿ?’

‘ಮಲಗಿದವನಿಗೆ ದಡ ಎಂತಕ್ಕೆ ಮಾರಾಯ?’

ಅಷ್ಟು ಒಪ್ಪಿಗೆಯ ಮೇಲೆ ಮಾವ ಹಡಗು ಹತ್ತಿದ್ದರು. ಮಂಡಿನೋವಿನ ಮಾವನಿಗೆ ಮೆಟ್ಟಿಲು ಹತ್ತುವುದು ಕಷ್ಟವಾದ್ದರಿಂದ, ನಾನು ಸೇರಿದ ಮೊದಲ ದಿನವೇ ನನಗೆ ಎರಡನೇ ಕೆಲಸ ಬಂತು. ಗಂಟೆಗೊಮ್ಮೆ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಸೌಟು ಬಿಡದೆ, ಕೇಳುತ್ತಿದ್ದರು:

‘ದಡ ಕಾಣ್ತದಾ ಮಾಣಿ?’

ನಾನು ಹದಿನೆಂಟು ಮೆಟ್ಟಿಲು ಹತ್ತಿ, ನೋಡಿ, ಇಳಿದು ಬಂದು ‘ಕಾಣ್ತದೆ ಮಾವ’ ಎನ್ನುತ್ತಿದ್ದೆ. ಮನೆಯಲ್ಲಿ ನಮ್ಮದು ತುಳು. ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಕ್ಕದ ದೊಡ್ಡ ಅಡುಗೆಮನೆಯಲ್ಲಿ ಬ್ರೆಡ್ ಮಾಡುತ್ತಿದ್ದವರು ಬೆಳ್ಮಣ್ಣಿನ ಕೊಂಕಣಿಯವರು, ಮಾವನ ವಯಸ್ಸಿನವರೇ. ಅವರಿಗೆ ಇದೊಂದು ನಗೆ.

‘ಭಟ್ರೇ, ದಡ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ರೇ. ಓಡುದು ನಾವು.’

‘ನೀವು ನಿಮ್ಮ ಬ್ರೆಡ್ ನೋಡಿ. ಒಂದು ಕಡೆ ಸುಟ್ಟ ವಾಸನೆ ಬರ್ತಾ ಉಂಟು.’

‘ಅದು ನಿಮ್ಮ ಇಡ್ಲಿ ನೋಡಿ ಕಲಿತದ್ದು.’

ಎರಡು ವರ್ಷ ಹೀಗೆಯೇ ಹೋಯಿತು. ಕೇಳುವುದು ಮತ್ತು ಹೇಳುವುದು ಒಂದು ಅಭ್ಯಾಸವಾಯಿತು. ಆದರೆ ನೋಡದೆ ಹೇಳಿದ್ದು ಒಂದು ಸಲವೂ ಇಲ್ಲ. ಮಳೆ ಸುರಿಯುವಾಗಲೂ ಹತ್ತಿ ನೋಡಿದ್ದೇನೆ.

ನಾನು ಸೇರಿದ ಮೂರನೇ ವರ್ಷ ಮೇ ತಿಂಗಳಲ್ಲಿ ಆ ಸಾಲಿನ ಕೊನೆಯ ಯಾನ. ಅಂದು ನಡೆದದ್ದನ್ನು ಆದಷ್ಟು ಸರಿಯಾಗಿ ಬರೆಯಬೇಕು. ಬೆಳಿಗ್ಗೆ ಎಂಟಕ್ಕೆ ಕಾರವಾರ ಬಿಟ್ಟೆವು. ಹತ್ತರ ಹೊತ್ತಿಗೆ ಗಾಳಿ ಎದ್ದಿತು. ದಡದ ಬದಿಯಲ್ಲಿ ಬಂಡೆಗಳಿವೆ ಎಂದು ಕಪ್ತಾನರು ಹಡಗನ್ನು ಹೊರಗೆ ತಿರುಗಿಸಿದರು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಮೇಲೆ ಹೋದಾಗ ಎಡಬದಿಯಲ್ಲಿ ದಡ ಇರಲಿಲ್ಲ. ಬೂದು ಬಣ್ಣದ ನೀರು, ಅದರ ಮೇಲೆ ತೆಳು ಮಂಜು, ಅದೇ ಬಣ್ಣದ ಆಕಾಶ. ನಾನು ಕಟಕಟೆ ಹಿಡಿದು ನಿಂತು ಎರಡು ಸಲ ನೋಡಿದೆ. ಘಟ್ಟದ ಗೆರೆಯೂ ಇರಲಿಲ್ಲ. ಬ್ರೆಡ್‌ನವರು ಅಲ್ಲಿಯೇ ಗಾಳಿಗೆ ನಿಂತಿದ್ದರು. ಅವರೂ ನೋಡಿದರು, ನನ್ನ ಮುಖವನ್ನೂ ನೋಡಿದರು.

ಕೆಳಗೆ ಬಂದೆ. ಕೊನೆಯ ಯಾನದ ಊಟವೆಂದು ಮಾವ ಎಂಬತ್ತು ಜನಕ್ಕೆ ಹೆಸರುಬೇಳೆ ಪಾಯಸಕ್ಕೆ ಇಟ್ಟಿದ್ದರು. ಕಾಲು ಜಾರದಂತೆ ಅಡಿಗೆ ಒದ್ದೆ ಗೋಣಿ ಹಾಸಿ, ಒಂದು ಮೊಣಕಾಲನ್ನು ಕಬ್ಬಿಣದ ಕಂಬಿಗೆ ಒತ್ತಿ ನಿಂತಿದ್ದರು.

‘ದಡ ಕಾಣ್ತದಾ ಮಾಣಿ?’

ಇಲ್ಲವೆಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ದಡ ತಪ್ಪಿದರೆ ಒಲೆ ಆರಿಸಿ ಕೈ ತೊಳೆದು ಕೂರುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು. ಎಂಬತ್ತು ಜನ ಉಪವಾಸ. ಮುಂದಿನ ವರ್ಷದ ಕೆಲಸವೂ ಇಲ್ಲ. ಇನ್ನು ಹತ್ತು ನಿಮಿಷದಲ್ಲಿ ಕಂಡೀತು ಎಂದೂ ಅನಿಸಿತು.

‘ಕಾಣ್ತದೆ ಮಾವ’ ಎಂದೆ.

ಅವರು ಪಾಯಸ ತಿರುವಿದರು. ಹನ್ನೆರಡೂಕಾಲಿಗೆ ಮತ್ತೆ ಕೇಳಿದರು, ಒಂದೂ ಹತ್ತಕ್ಕೆ ಮತ್ತೆ ಕೇಳಿದರು. ಮೂರು ಸಲವೂ ನಾನು ಮೇಲೆ ಹೋಗಿ ನೋಡಿಯೇ ಬಂದೆ, ಮೂರು ಸಲವೂ ಅದನ್ನೇ ಹೇಳಿದೆ. ಒಂದೂಮುಕ್ಕಾಲಿಗೆ ಘಟ್ಟದ ನೀಲಿ ಗೆರೆ ಕಂಡಿತು. ಆಗ ಎರಡನೇ ಪಂಕ್ತಿ ಎದ್ದಿತ್ತು.

ಇದು ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಆ ಯಾನದಲ್ಲಿ ಮಣಿಪಾಲದ ಒಬ್ಬ ಬ್ಯಾಂಕಿನವರು ಇದ್ದರು. ಹಡಗು ಹತ್ತಿದ್ದು ಅವರ ಜೀವನದ ದೊಡ್ಡ ಸಂಗತಿ. ಜೂನ್‌ನಲ್ಲಿ ಉಡುಪಿಯ ಒಂದು ಮದುವೆಯೂಟದಲ್ಲಿ ಅವರು ಅದನ್ನು ವರ್ಣಿಸಿದರು. ‘ಸುತ್ತ ನೀರೇ ನೀರು ಸ್ವಾಮೀ! ಮೂರು ಗಂಟೆ ಹೊತ್ತು ಒಂದು ಕಾಗೆ ಕೂಡ ಇಲ್ಲ. ಆದರೆ ಪಾಯಸ ಎಂತ ಪಾಯಸ ಅಂತೀರಿ! ನಮ್ಮ ಕಾಪುವಿನ ಭಟ್ರದ್ದು.’ ಹೊಗಳಿಕೆಯ ಮಾತೇ. ಅದೇ ಪಂಕ್ತಿಯಲ್ಲಿ ನಮ್ಮ ದೇವಸ್ಥಾನದವರೊಬ್ಬರು ಕೂತಿದ್ದರು. ವಾರದೊಳಗೆ ತಂತ್ರಿಗಳಿಂದ ಹೇಳಿಕೆ ಬಂತು: ಬಂದು ಹೋಗಬೇಕಂತೆ.

‘ಹೋಗುವ’ ಎಂದರು ಮಾವ. ‘ನೀನೂ ಬಾ. ನೋಡಿದ್ದು ನೀನಲ್ಲವಾ.’ ಅವರ ಮುಖದಲ್ಲಿ ಅಳುಕಿರಲಿಲ್ಲ.

ಕಾಪುವಿನಿಂದ ಶಿರ್ವ ದಾರಿಯಾಗಿ ಬಸ್ಸು. ಮಾವ ಮುಂದಿನ ಸೀಟಿನಲ್ಲಿ ಕೂತರು, ನನಗೆ ಹಿಂದೆ ಜಾಗ ಸಿಕ್ಕಿತು. ಬೆಳ್ಮಣ್ಣಿನಲ್ಲಿ ಬ್ರೆಡ್‌ನವರು ಹತ್ತಿದರು, ಕಾರ್ಕಳದ ಪೇಟೆಗೆ ಹೊರಟವರು. ನನ್ನ ಪಕ್ಕ ಕೂತು ವಿಷಯ ಕೇಳಿ ದನಿ ತಗ್ಗಿಸಿದರು.

‘ಎಂತ ಹೇಳ್ತೀರಿ ಅಲ್ಲಿ?’

‘ಗೊತ್ತಿಲ್ಲ.’

‘ಮಂಜು ಇತ್ತು ಅಂತ ಹೇಳಿ ಮಾರಾಯ್ರೇ. ದಡ ಇತ್ತು, ಮಂಜು ಅಡ್ಡ ಬಂತು. ಮುಗೀತು. ಸುಳ್ಳೂ ಅಲ್ಲ.’

‘ಮಂಜೇ ಆಗಿತ್ತಾ?’

‘ಅದು ನಂಗೆ ಹೇಗೆ ಗೊತ್ತು? ನಾನು ಬ್ರೆಡ್ ಮಾಡುವವ.’

ತಂತ್ರಿಗಳ ಮನೆಯ ಚಾವಡಿಯಲ್ಲಿ ಬೆಲ್ಲ ನೀರು ಕೊಟ್ಟರು. ಅವರು ಮೊದಲು ಮಾವನ ಮಂಡಿನೋವು ವಿಚಾರಿಸಿದರು. ಆಮೇಲೆ ಕೇಳಿದರು:

‘ಹೀಗೊಂದು ಮಾತು ಉಂಟು. ನಿಮಗೆ ದಡ ಕಾಣ್ತಾ ಇತ್ತಾ?’

‘ನಾನಿರುದು ಕೆಳಗೆ. ನನ್ನ ಕಣ್ಣು ಇವನು’ ಎಂದು ಮಾವ ನನ್ನ ಕಡೆ ಕೈ ತೋರಿಸಿದರು. ‘ಮೂರು ವರ್ಷದಲ್ಲಿ ಒಂದು ಸಲ ಇಲ್ಲ ಅಂದದ್ದಿಲ್ಲ. ಕೇಳಿ ಬೇಕಾದರೆ.’

ಅದನ್ನು ಅವರು ಹೆಮ್ಮೆಯಿಂದ ಹೇಳಿದರು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೇಳಿದೆ. ಕೊನೆಯ ಯಾನದ ದಿನ ಹನ್ನೊಂದು ಹತ್ತರಿಂದ ಒಂದೂಮುಕ್ಕಾಲರ ತನಕ ನನಗೆ ದಡ ಕಾಣಲಿಲ್ಲ; ಮಾವ ಮೂರು ಸಲ ಕೇಳಿದರು; ಮೂರು ಸಲವೂ ಕಾಣ್ತದೆ ಎಂದು ನಾನು ಸುಳ್ಳು ಹೇಳಿದೆ.

ಮಾವ ನನ್ನ ಕಡೆ ತಿರುಗಲಿಲ್ಲ. ಚಾವಡಿಯ ಕಂಬವನ್ನೇ ನೋಡುತ್ತಿದ್ದರು.

‘ಕಾಣದ್ದು ದೂರಕ್ಕಾ, ಮಂಜಿಗಾ?’ ಎಂದರು ತಂತ್ರಿಗಳು. ‘ಮಂಜಾದರೆ ತೊಂದರೆ ಇಲ್ಲ. ಮನೆಯಲ್ಲಿ ಕಣ್ಣು ಮುಚ್ಚಿ ಕೂತ ಹಾಗೆ.’ ಅವರ ದನಿಯಲ್ಲಿ ಮಂಜು ಎಂದು ಹೇಳಲಿ ಎಂಬ ಆಸೆ ಇತ್ತು. ಈಗಲೂ ನನಗೆ ಹಾಗೆಯೇ ಅನಿಸುತ್ತದೆ.

ನಾನು ಆ ಬೂದು ಬಣ್ಣವನ್ನು ಮತ್ತೆ ನೆನಪಿಗೆ ತಂದುಕೊಂಡೆ. ಎಷ್ಟು ದೂರ ಹೋಗಿದ್ದೆವು ಎಂದು ನನಗೆ ತಿಳಿದಿರಲಿಲ್ಲ. ಮಂಜು ಇತ್ತು; ಅದು ಇಲ್ಲದಿದ್ದರೆ ದಡ ಕಾಣುತ್ತಿತ್ತೋ ಇಲ್ಲವೋ.

‘ಗೊತ್ತಿಲ್ಲ’ ಎಂದೆ.

ಆ ವರ್ಷದ ಸರದಿಯನ್ನು ಮಾವನ ತಮ್ಮನಿಗೆ ಬಿಡುವುದೆಂದು ತೀರ್ಮಾನವಾಯಿತು. ಮಾವ ಪಂಚಗವ್ಯ ತೆಗೆದುಕೊಳ್ಳಬೇಕು. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡುವ ಎಂದರು. ತಂತ್ರಿಗಳು ಮೆಟ್ಟಿಲ ತನಕ ಬಂದು ಮಾವನ ಭುಜ ಮುಟ್ಟಿ ಕಳಿಸಿಕೊಟ್ಟರು.

ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಮಳೆ ಹನಿಯುತ್ತಿತ್ತು. ಬಸ್ಸು ಬರುವ ಸ್ವಲ್ಪ ಮೊದಲು ಮಾವ ಬಾಯಿ ಬಿಟ್ಟರು.

‘ಒಂದೂಮುಕ್ಕಾಲಿಗೆ ಕಂಡಿತು ಅಂದಿಯಲ್ಲ. ಆಗ ನಾನೆಂತ ಮಾಡ್ತಾ ಇದ್ದೆ?’

‘ಬಡಿಸಿ ಆಗಿತ್ತು ಮಾವ. ಪಾತ್ರೆ ತೆಗೀತಾ ಇದ್ದಿರಿ.’

‘ಅಂದರೆ ಪಾಯಸ ಮಾಡಿದ್ದು ಸಮುದ್ರದಲ್ಲಿ.’

‘ಹೌದು.’

‘ತಳ ಹಿಡೀಲಿಲ್ಲ’ ಎಂದರು. ಆಮೇಲೆ ಎರಡು ತಿಂಗಳು ನನ್ನೊಡನೆ ಮಾತಿಲ್ಲ. ಸೋಣ ತಿಂಗಳಲ್ಲಿ ದೇವಸ್ಥಾನದ ಹೊರ ಅಂಗಳದಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು, ತಮ್ಮ ಮಾಡಿದ ಸಾರಿನಲ್ಲಿ ಅನ್ನ ಕಲಸಿ ಉಂಡು, ಬೇಗ ಎದ್ದು ಹೋದರು. ನಾನು ಎದುರಿನ ಸಾಲಿನಲ್ಲಿದ್ದೆ.

ಹಡಗು ಹೊರಡುವ ಕಾಲಕ್ಕೆ ಮಾವನಿಂದ ಕಾರ್ಡು ಬಂತು. ಮೂರೇ ಸಾಲು. ಇಂಥ ದಿನ ಹೊರಡುವುದು, ಒಂದು ಬುಟ್ಟಿ ಗುಳ್ಳ ಬದನೆ ತರುವುದು, ಎಂದು. ಹೋದೆ. ಮೊದಲ ದಿನ ಗಂಟೆ ಹನ್ನೊಂದಾದಾಗ ಅಭ್ಯಾಸದಂತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಮಾವ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನನ್ನು ದಾಟಿ ಮೆಟ್ಟಿಲು ಹತ್ತಿದರು. ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡಿದು ನಿಲ್ಲುತ್ತಿದ್ದರು. ನೋಡಿ, ಇಳಿದು, ಮತ್ತೆ ಸೌಟು ಹಿಡಿದರು. ಆಮೇಲೆ ಪ್ರತಿ ಗಂಟೆಗೂ ಹಾಗೆಯೇ. ಬ್ರೆಡ್‌ನವರು ಆ ವರ್ಷ ಈ ವಿಷಯದಲ್ಲಿ ತಮಾಷೆ ಮಾಡಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಭಟ್ಕಳ ದಾಟಿದ ಮೇಲೆ, ಮೇಲಿನಿಂದ ಕರೆ ಬಂತು.

‘ಮಾಣಿ, ಇಲ್ಲಿ ಬಾ.’

ಹೋದೆ. ಮಾವ ಕಟಕಟೆಗೆ ಎದೆ ಒತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಪೂರ್ವದಲ್ಲಿ ತಗ್ಗಿನಲ್ಲಿ ಒಂದು ಉದ್ದನೆಯ ಮಸುಕು ಪಟ್ಟಿ ಇತ್ತು.

‘ಅದು ದಡವಾ, ಮೋಡವಾ?’

ನಾನು ತುಂಬ ಹೊತ್ತು ನೋಡಿದೆ. ಅವರು ನನ್ನನ್ನು ಅವಸರಪಡಿಸಲಿಲ್ಲ.

‘ನನಗೆ ಗೊತ್ತಾಗುದಿಲ್ಲ ಮಾವ. ಸ್ವಲ್ಪ ನಿಂತು ನೋಡಬೇಕು.’

‘ನಿಲ್ತೇನೆ’ ಎಂದರು. ‘ಕೆಳಗೆ ಸಾಂಬಾರು ಒಲೆಯಲ್ಲಿ ಉಂಟು. ನೀನು ಹೋಗಿ ತಿರುವು. ಉಪ್ಪು ಹಾಕಿಲ್ಲ, ನೀನು ಹಾಕಬೇಡ.’

ನಾನು ಇಳಿದು ಹೋಗಿ, ಕಂಬಿಗೆ ಮೊಣಕಾಲು ಒತ್ತಿ ನಿಂತು ತಿರುವಿದೆ. ಅವರು ಬರಲು ಅರ್ಧ ಗಂಟೆಯ ಮೇಲಾಯಿತು. ಬಂದವರು ಏನು ಕಂಡಿತು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ತಂತ್ರಿಗಳಿಗೆ ಅವರು ಒಬ್ಬರೇ ಹೋಗಿ ಉತ್ತರ ಕೊಟ್ಟರು. ಸರದಿ ಮತ್ತೆ ಅವರಿಗೆ ಬಂತು. ಜನವರಿಯ ಆ ದಿನ ಕೆಳಗೆ ಬಂದು ಅವರು ಮಾಡಿದ್ದು ಇಷ್ಟೆ: ನನ್ನ ಕೈಯಿಂದ ಸೌಟು ತೆಗೆದುಕೊಂಡು ಒಂದು ಹನಿಯನ್ನು ಅಂಗೈಗೆ ಬಿಟ್ಟು ನೆಕ್ಕಿ ನೋಡಿದರು, ಉಪ್ಪು ಹಾಕಿದರು, ಆಮೇಲೆ ಒಲೆಯ ಮುಂದೆ ನನಗೂ ನಿಲ್ಲಲು ಸ್ವಲ್ಪ ಸರಿದರು.