ಆಸ್ಪತ್ರೆ ಭದ್ರಮ್ಮ ತನಗೆ ಡಾಕ್ಟರು ಹುಡುಕಿದ್ದು

ನಮ್ಮ ಅತ್ತಿಗೆಗೆ ಗುಬ್ಬಿಯವರು ಇಟ್ಟ ಹೆಸರು ‘ಆಸ್ಪತ್ರೆ ಭದ್ರಮ್ಮ’. ಅವಳು ನರ್ಸಲ್ಲ, ಆಯಾ ಅಲ್ಲ, ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬೀದಿಯಲ್ಲಿ ಯಾರಿಗೆ ಏನೇ ಆಗಲಿ, ಮೊದಲು ಬಂದು ನಿಲ್ಲುತ್ತಿದ್ದುದು ಅವಳ ಜಗಲಿಯ ಮುಂದೆ. ಕಿವಿ ಸೋರಿದರೆ ತುಮಕೂರಿನಲ್ಲಿ ಯಾರ ಹತ್ತಿರ ಹೋಗಬೇಕು, ಮಂಡಿನೋವಿಗೆ ಯಾರು, ಯಾವ ಡಾಕ್ಟರು ಬೈಯುತ್ತಾರೆ, ಯಾವ ಡಾಕ್ಟರು ಸುಮ್ಮಸುಮ್ಮನೆ ಗ್ಲೂಕೋಸು ಏರಿಸಿ ಮಲಗಿಸುತ್ತಾರೆ, ಎಲ್ಲವೂ ಬಾಯಿಪಾಠ. ಹೇಳಿ ಸುಮ್ಮನಾಗುವ ಹೆಂಗಸೂ ಅಲ್ಲ. ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, “ನಡೀರಿ, ನಾನೂ ಬತ್ತೀನಿ” ಎಂದು ಅವರ ಜೊತೆ ಬಸ್ಸು ಹತ್ತಿಬಿಡುತ್ತಿದ್ದಳು. ನಮ್ಮಣ್ಣ ಚನ್ನವೀರಯ್ಯ ತೋಟದಿಂದ ಬಂದು ಬೀಗ ಹಾಕಿದ ಬಾಗಿಲು ನೋಡಿ, “ಇವತ್ತು ಯಾರ ಮನೆ ಹೆರಿಗೆನೋ” ಎಂದುಕೊಂಡು ಹೋಟೆಲಿಗೆ ಹೋಗುತ್ತಿದ್ದ.

ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಾನು ಶಶಿರೇಖಾ, ಅವಳ ನಾದಿನಿ, ಕುಣಿಗಲ್ಲಿನಲ್ಲಿ ಪ್ರೈಮರಿ ಸ್ಕೂಲ್ ಟೀಚರು. “ಊರೋರ ಕಾಯ್ಲೆಯೆಲ್ಲ ನಿನ್ನ ತಲೆ ಮೇಲೆ ಯಾಕೆ ಹೊತ್ಕೊಂಡು ತಿರುಗ್ತೀಯ ಅತ್ತಿಗೆ?” ಎಂದು ಎಷ್ಟು ಸಲ ಬೈದಿದ್ದೇನೋ. ಅವಳು ನಕ್ಕು, “ನಿಂದು ಬರೀ ಬಾಯಿ ಕಣೇ ಶಶಿ” ಎಂದುಬಿಡುತ್ತಿದ್ದಳು. ಬೈಯುವುದರಲ್ಲಿ ಅವಳೇನು ಕಮ್ಮಿಯೇ? ಮಾತ್ರೆ ನುಂಗದ ಬಾಣಂತಿಯನ್ನು, ಕುಡಿದು ಬಂದ ಗಂಡನನ್ನು ಆಸ್ಪತ್ರೆಯ ವರಾಂಡದಲ್ಲಿ ನಿಲ್ಲಿಸಿ ಅವಳು ಮಂಗಳಾರತಿ ಎತ್ತುತ್ತಿದ್ದರೆ ಕಾಂಪೌಂಡರುಗಳೇ ನಿಂತು ಕೇಳುತ್ತಿದ್ದರು.

ತೊಂಬತ್ತೈದರ ಸುಮಾರಿನಲ್ಲಿ ನಿಟ್ಟೂರಿನ ರಂಗಮ್ಮ ಬಂದಳು. ಸಂತೆಯಲ್ಲಿ ಪರಿಚಯವಾಗಿ ಆಮೇಲೆ ಗಳಸ್ಯ ಕಂಠಸ್ಯ ಆದವರು ಅವರಿಬ್ಬರು. “ಎದೇಲಿ ಒಂದು ಗಂಟು ಸಿಕ್ತು ಭದ್ರಕ್ಕ, ನೆನ್ನೆ ಸ್ನಾನ ಮಾಡೋವಾಗ” ಎಂದಳಂತೆ. ಅತ್ತಿಗೆ ಆಚೆ ಈಚೆ ನೋಡಲಿಲ್ಲ, ಆ ಕ್ಷಣವೇ ಹೊರಡಿಸಿಕೊಂಡು ತುಮಕೂರಿನ ಸರ್ಜನ್ ಒಬ್ಬರ ಹತ್ತಿರ ಕರೆದುಕೊಂಡು ಹೋದಳು. ಆಪರೇಷನ್ ಆಯಿತು, ಒಂದು ಕಡೆಯದನ್ನು ಪೂರ್ತಿ ತೆಗೆದರು. ಆಮೇಲೆ ಬೆಂಗಳೂರಿಗೂ ಕಳಿಸಿದರು. ವರ್ಷ ತುಂಬುವುದರೊಳಗೆ ರಂಗಮ್ಮ ಹೋಗಿಬಿಟ್ಟಳು.

ತಿಥಿ ಮುಗಿಸಿಕೊಂಡು ಅವಳ ಗಂಡ ವೆಂಕಟರಂಗಯ್ಯ ನೆಟ್ಟಗೆ ಗುಬ್ಬಿಗೆ ಬಂದ. ಅಣ್ಣನ ಮನೆಯ ಮುಂದೆ ನಿಂತು, ಬೀದಿಗೆ ಬೀದಿಯೇ ಕೇಳುವ ಹಾಗೆ ಕೂಗಿದ. “ಚಾಕು ಹಾಕ್ಸಿ ಕೊಂದ್ಬುಟ್ಲು ನನ್ನ ಹೆಂಡ್ರನ್ನ! ಗಂಟು ಗಂಟಿನ ಪಾಡಿಗಿತ್ತು. ಕುಯ್ಸಿದ್ದಕ್ಕೇ ಮೈಗೆಲ್ಲ ಹರಡ್ತು!” ಅತ್ತಿಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳಂತೆ. ಆಮೇಲೂ ಅವಳು ಜನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಲೇ ಇದ್ದಳು, ಆದರೆ ಆ ಸರ್ಜನ್ ಇದ್ದ ರಸ್ತೆಗೆ ಮಾತ್ರ ಕಾಲಿಡಲಿಲ್ಲ.

ಇದಾಗಿ ಎರಡು ವರ್ಷದ ಮೇಲೆ, ಬೇಸಿಗೆ ರಜೆಯಲ್ಲಿ, ಅತ್ತಿಗೆ ಕುಣಿಗಲ್ಲಿಗೆ ಬಂದಳು. ಕೂತು ಒಂದು ಲೋಟ ಮಜ್ಜಿಗೆ ಸಹ ಕುಡಿಯದೆ, “ನಿಂಗೆ ಹೊಟ್ಟೆನೋವು ಅಂತಿದ್ದೆಯಲ್ಲ, ನಡಿ, ತುಮಕೂರಲ್ಲಿ ಲೇಡಿ ಡಾಕ್ಟ್ರಿಗೆ ತೋರ್ಸೋಣ” ಎಂದಳು. ನನ್ನ ಹೊಟ್ಟೆನೋವು ಯಾವ ಕಾಲದ್ದೋ, ನಾನೇ ಮರೆತಿದ್ದೆ. ಆದರೂ ಸಮಾಧಾನವಾಯಿತು. ಊರೋರನ್ನೆಲ್ಲ ಆಸ್ಪತ್ರೆಗೆ ಹೊತ್ತವಳು ಕೊನೆಗೂ ನನ್ನ ನೆನಪು ಮಾಡಿಕೊಂಡಳಲ್ಲ ಎಂದು ಸೀರೆ ಬದಲಾಯಿಸಿ ಹೊರಟೆ. ಬಸ್ಸಿನಲ್ಲಿ ಹೆಬ್ಬೂರು ದಾಟುವವರೆಗೂ ಅವಳು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ಕೂತಿದ್ದಳು. ಸೆಖೆಗೆ ಸುಸ್ತಾಗಿರಬೇಕು ಎಂದುಕೊಂಡೆ.

ಲೇಡಿ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು, “ಏನ್ ಭದ್ರಮ್ಮ, ಇವತ್ತು ಯಾರನ್ನ ಹಿಡ್ಕೊಂಡು ಬಂದ್ರಿ?” ಎಂದು ನಕ್ಕಳು. “ನಮ್ಮ ನಾದಿನಿ” ಎಂದು ಅತ್ತಿಗೆ ನನ್ನ ಹೆಸರು ಬರೆಸಿದಳು. ಒಳಗೆ ಹೋಗಿ ಕೂತೆವು. ನಾನು ಹೊಟ್ಟೆ ಎಂದು ಬಾಯಿ ತೆಗೆಯುವಷ್ಟರಲ್ಲಿ ಅತ್ತಿಗೆ ಶುರು ಹಚ್ಚಿಕೊಂಡಳು.

“ಇವಳಿಗೆ ಎದೇಲಿ ಗಂಟು ಡಾಕ್ಟ್ರೇ. ಎಡಗಡೆ, ಕಂಕುಳ ಹತ್ರ. ನೋವಿಲ್ಲ. ದೀಪಾವಳಿಲಿ ಅವರೆಕಾಳಷ್ಟಿತ್ತು, ಈಗ ನೆಲ್ಲಿಕಾಯಿ ಗಾತ್ರ ಆಗೈತೆ.”

ಇವಳಿಗೇನು ತಲೆಗಿಲೆ ಕೆಟ್ಟಿದೆಯೇ ಎಂದು ಅವಳ ಕಡೆ ತಿರುಗಿದರೆ, ಮೇಜಿನ ಕೆಳಗೆ ನನ್ನ ತೊಡೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಡಾಕ್ಟರಮ್ಮ ಪರದೆಯ ಹಿಂದೆ ಮಲಗಲು ಹೇಳಿದರು. ಮರ್ಯಾದಸ್ಥೆ ನಾನು, ಹೋಗಿ ಮಲಗಿದೆ. ಅವರು ಎಡಗಡೆ ನೋಡಿದರು, ಬಲಗಡೆ ನೋಡಿದರು, ಕಂಕುಳಲ್ಲಿ ಒತ್ತಿದರು. ನನ್ನ ಕಿವಿ ಬಿಸಿಯಾಗಿ ಉರಿಯುತ್ತಿತ್ತು.

“ಏನೂ ಇಲ್ವಲ್ಲಮ್ಮ” ಎಂದರು.

“ಇದ್ದಿದ್ರೆ ಏನ್ ಮಾಡ್ತಿದ್ರಿ?” ಪರದೆಯ ಆಚೆಯಿಂದ ಅತ್ತಿಗೆಯ ದನಿ ಬಂತು. “ನೀವೇ ಔಷಧಿ ಕೊಡ್ತಿದ್ರಾ?”

“ನಾನ್ಯಾಕೆ ಕೊಡ್ಲಿ? ನಾನು ಹೆರಿಗೆ, ಗರ್ಭಕೋಶ ನೋಡೋಳು. ಹೆಂಗಸ್ರ ಮೈ ಅಂದ ತಕ್ಷಣ ಎಲ್ಲಾನೂ ನನ್ನ ಹತ್ರಾನೇ ತರ್ತೀರಿ. ಎದೆ ಗಂಟಿಗೆ ಸರ್ಜನ್ ನೋಡ್ಬೇಕು. ಇದ್ದಿದ್ರೆ ಅದೇ ದಿನ ಕಳಿಸ್ತಿದ್ದೆ.”

ನಾನು ರವಿಕೆಯ ಹುಕ್ಕು ಹಾಕಿಕೊಳ್ಳುತ್ತಾ ಪರದೆ ಸರಿಸಿದೆ. ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಬಲಗೈ ಸೆರಗಿನೊಳಗೆ, ಎಡ ಕಂಕುಳ ಹತ್ತಿರ ಇತ್ತು. ನನಗೆ ಆಗ ಗೊತ್ತಾಯಿತು. ಅಯ್ಯೋ ಶಿವನೇ, ದೀಪಾವಳಿ ಎಲ್ಲಿ, ಈಗ ಯುಗಾದಿಯೂ ಕಳೆದು ಎಷ್ಟು ದಿನವಾಯಿತು! ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದು, “ಮಲಕ್ಕೋ ಇಲ್ಲಿ” ಎಂದೆ.

ಡಾಕ್ಟರಮ್ಮ ನೋಡಿದರು. ಕೈ ತೊಳೆದುಕೊಂಡು ಬಂದು ಚೀಟಿ ಬರೆದರು. “ಈಗಲೇ ಹೋಗಿ. ನಾನು ಫೋನ್ ಮಾಡಿರ್ತೀನಿ” ಎಂದರು. ಬರೆದದ್ದು ಅದೇ ಸರ್ಜನ್ ಹೆಸರು.

ಹೊರಗೆ ಬಂದು ಎಳನೀರಿನ ಗಾಡಿಯ ನೆರಳಲ್ಲಿ ನಿಂತೆವು. ಆಗ ಒಂದೊಂದೇ ಹೊರಗೆ ಬಂತು. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿದ್ದಳಂತೆ, ಗಂಟು ಎಂದು ಹೇಳದೆ ಬರೀ ನವೆ ಎಂದು. ಅವರು ಮುಲಾಮು ಕೊಟ್ಟರು. ಆಮೇಲೆ ಸಿ.ಎಸ್. ಪುರದ ಕಡೆ ಯಾರೋ ಸೊಪ್ಪು ಅರೆದು ಕಟ್ಟುತ್ತಾರೆ ಎಂದು ಅಲ್ಲಿಗೆ. ಅಣ್ಣನಿಗೆ ಒಂದು ಸಲ ಸೂಕ್ಷ್ಮವಾಗಿ ಹೇಳಿದ್ದಕ್ಕೆ ಅವನು ಪೇಪರಿನಿಂದ ತಲೆ ಎತ್ತದೆ, “ಹೆಂಗಸ್ರ ಕಾಯ್ಲೆ, ಹೆಂಗಸು ಡಾಕ್ಟ್ರಿಗೆ ತೋರ್ಸು” ಎಂದನಂತೆ. ಮಹಾರಾಯ, ಅವನ ಪಾಲಿನ ಕರ್ತವ್ಯ ಅಲ್ಲಿಗೆ ಮುಗಿಯಿತು.

“ಸರ್ಜನ್ ಒಬ್ಬರನ್ನ ಬಿಟ್ಟು ಊರಲ್ಲಿರೋ ಡಾಕ್ಟ್ರ ಬೋರ್ಡನ್ನೆಲ್ಲ ಸುತ್ತಿದೀಯಲ್ಲ! ಅಷ್ಟು ಜನಕ್ಕೆ ದಾರಿ ತೋರ್ಸಿದೋಳು, ನಿಂಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣೇ. ಅದಕ್ಕೇ ಹೋಗ್ಲಿಲ್ಲ.”

“ಅವರು ಬೇಡ ಅಂದ್ರೆ ಬೇರೆ ಸರ್ಜನ್ ಹತ್ರ ಹೋಗೋಣ. ತುಮಕೂರಲ್ಲಿ ಅವರೊಬ್ಬರೇನಾ ಇರೋದು?”

“ಯಾರಾದ್ರೂ ಚಾಕು ಹಾಕೋರೇ ತಾನೆ?” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರ ತಾವ ಹೋದ್ರೆ ರಂಗಮ್ಮನಿಗೆ ಆಗಿದ್ದೇ ನಂಗೂ ಆಯ್ತದೆ. ಹೋಗ್ದೆ ತಪ್ಪಿಸ್ಕೊಂಡ್ರೆ ವೆಂಕಟರಂಗಯ್ಯ ಹೇಳಿದ್ದೇ ನಿಜ ಆಯ್ತದೆ. ‘ಬೇರೆಯೋರ ಹೆಂಡ್ರನ್ನ ಕುಯ್ಸಿದ್ಲು, ತನಗೆ ಬಂದಾಗ ಓಡೋದ್ಲು’ ಅಂತಾನೆ. ಯಾವ ಕಡೆ ತಿರುಗ್ಲಿ ಹೇಳು? ರಾತ್ರಿಯೆಲ್ಲ ಇದೇ. ಉಸಿರು ಕಟ್ಟಿದಂಗೆ ಆಯ್ತದೆ.”

ಅವಳು ಹೇಳುತ್ತಿದ್ದುದು ನನಗೆ ಅರ್ಥವಾಗದೆ ಇರಲಿಲ್ಲ. ಹೋದರೂ ಸಿಕ್ಕಿಕೊಂಡಳು, ಹೋಗದಿದ್ದರೂ ಸಿಕ್ಕಿಕೊಂಡಳು. ಆದರೆ ನೆಲ್ಲಿಕಾಯಿ ಆಗಿರುವುದು ಸುಮ್ಮನಿರುತ್ತದೆಯೇ? ಅವಳ ಕೈ ಹಿಡಿದು ಆಟೋ ಹತ್ತಿಸಿದೆ. “ರಂಗಮ್ಮನೂ ಬೇಡ, ಅವಳ ಗಂಡನೂ ಬೇಡ. ಬಾಯಿ ಮುಚ್ಚಿಕೊಂಡು ಬಾ” ಎಂದೆ. ಇಳಿಯುವಾಗ ಅವಳ ಚಪ್ಪಲಿ ಕಿತ್ತುಹೋಯಿತು. ಅಪಶಕುನ ಎಂದು ವಾಪಸು ಹೊರಟವಳನ್ನು ಸೊಂಟಕ್ಕೆ ಕೈ ಹಾಕಿ ಒಳಗೆ ನೂಕಿದೆ.

ಸರ್ಜನ್ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದರು. “ನಿಟ್ಟೂರಿನವರ ಜೊತೆ ಬಂದಿದ್ರಲ್ವಾ ನೀವು?” ಎಂದರು. ಅತ್ತಿಗೆ ತಲೆ ಆಡಿಸಿದಳು. ಪರೀಕ್ಷೆ ಮಾಡಿ ಬಂದು ಕೂತು, ಪೆನ್ನು ಕೈಗೆತ್ತಿಕೊಂಡು, ಗಂಟು ಕಾಣಿಸಿ ಎಷ್ಟು ದಿನವಾಯಿತೆಂದು ಕೇಳಿದರು.

“ಮೊನ್ನೆ ಸಾರ್. ಸ್ನಾನ ಮಾಡೋವಾಗ ಸಿಕ್ತು.”

ನನಗೆ ತಡೆಯಲಾಗಲಿಲ್ಲ. “ಸುಳ್ಳು ಸಾರ್! ದೀಪಾವಳಿಯಿಂದ ಇಟ್ಕೊಂಡವಳೆ. ಎಲ್ಲಾ ಗೊತ್ತಿದ್ದೂ ಇಟ್ಕೊಂಡವಳೆ!”

ಅತ್ತಿಗೆ ನನ್ನನ್ನು ಒಂದು ಸಲ ದುರುಗುಟ್ಟಿಕೊಂಡು ನೋಡಿ, ಅವರ ಕಡೆ ತಿರುಗಿದಳು. ಹೊಸ ಧೈರ್ಯ ಎಲ್ಲಿಂದ ಬಂತೋ. “ಹೂಂ ಸಾರ್, ಇಟ್ಕೊಂಡಿದ್ದೆ. ರಂಗಮ್ಮನ್ನ ನಾನು ಇಟ್ಕೊಳಕ್ಕೆ ಬಿಡ್ಲಿಲ್ಲ. ಗಂಟು ಸಿಕ್ಕ ಮಾರನೇ ದಿನಾನೇ ನಿಮ್ಮ ಮುಂದೆ ತಂದು ಕೂರಿಸ್ದೆ. ಏನಾಯ್ತು? ಅಷ್ಟು ಬೇಗ ಬಂದೋಳೇ ಉಳೀಲಿಲ್ಲ. ಇನ್ನ ನಾನು ಬೇಗ ಬಂದು ಏನ್ ಕಿಸೀಬೇಕಾಗಿತ್ತು?”

ಅವರು ಪೆನ್ನಿನ ಕ್ಯಾಪು ಹಾಕಿ ಮೇಜಿನ ಮೇಲಿಟ್ಟರು.

“ಅವರು ಬೇಗ ಬಂದಿರಲಿಲ್ಲಮ್ಮ” ಎಂದರು. “ನಿಮ್ಮ ಹತ್ರ ಬರೋ ಹೊತ್ತಿಗೆ ಗಂಟು ಕಂಡು ಎರಡು ವರ್ಷ ಆಗಿತ್ತು. ಕಂಕುಳಿಗೂ ಹೋಗಿತ್ತು. ನಾನು ಚಾಕು ಮುಟ್ಟೋಕೆ ಮೊದಲೇ ಹರಡಿತ್ತು. ಒಳಗೆ ಪರೀಕ್ಷೆ ಮಾಡೋವಾಗ ನನಗೆ ಹೇಳಿದ್ರು. ‘ಹೊರಗೆ ಕೂತಿರೋ ಭದ್ರಕ್ಕನಿಗೆ ಹೇಳ್ಬೇಡಿ, ಬೈತಾಳೆ’ ಅಂತ ಕೈ ಮುಗಿದ್ರು. ಹೋದೋರ ಮಾತು, ಹೇಳಬಾರದು ಅಂತಾನೇ ಇದ್ದೆ.”

ಅತ್ತಿಗೆ ಅವರನ್ನೇ ನೋಡುತ್ತಾ ಕೂತಿದ್ದಳು. ಎರಡು ವರ್ಷದಿಂದ ಎದೆಯ ಮೇಲೆ ಹೇರಿಕೊಂಡಿದ್ದ ಕೊಲೆ ಅವಳದಲ್ಲ ಎಂದು ಅವರು ಹೇಳಿದ್ದರು. ಅದರ ಜೊತೆಗೇ, ಆ ಕೊಲೆಗೆ ಹೆದರಿ ಅವಳು ಕಳೆದ ತಿಂಗಳುಗಳೆಲ್ಲ ದಂಡ ಎಂದೂ ಹೇಳಿದಂತಾಗಿತ್ತು. ಇದ್ದಕ್ಕಿದ್ದಂತೆ ಅವಳು ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡಳು.

“ಅಯ್ಯೋ ನಿನ್ನ ಮನೆ ಹಾಳಾಗ! ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲೇ ರಂಗಿ! ನನ್ನ ಡಬ್ಬೀಲೇ ಉಂಡ್ಯಲ್ಲೇ! ಒಂದು ಮಾತು ಹೇಳಿದ್ರೆ ನಾನೇನು ನಿನ್ನ ಕಿತ್ಕೊಂಡು ತಿಂದುಬಿಡ್ತಿದ್ನಾ? ಬೈದ್ರೆ ಬೈಸ್ಕೊಂಡು ಬದುಕ್ಬಾರ್ದಾಗಿತ್ತಾ?”

ಅವಳ ಅಳು ಒಂದಿಷ್ಟು ಇಳಿದ ಮೇಲೆ, “ನಂದೂ ತಡ ಆಗೈತಾ ಸಾರ್?” ಎಂದು ಕೇಳಿದಳು.

“ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡದೆ ನಾನು ಏನೂ ಹೇಳಲ್ಲ. ಹೊರಗೆ ಕೂತಿರಿ, ಕರೀತಾರೆ” ಎಂದರು.

ಹೊರಗಿನ ಬೆಂಚಿನಲ್ಲಿ ಕೂತೆವು. ಎದುರಿಗೆ ಬೆಳ್ಳಾವಿ ಕಡೆಯ ಯಾರೋ ಹೆಂಗಸು ಅವಳನ್ನು ನೋಡಿ ನಕ್ಕಳು. ಅತ್ತಿಗೆ ನಗಲಿಲ್ಲ. ಸಂಕ್ರಾಂತಿಗೆ ಗುಬ್ಬಿಯಲ್ಲಿ ಅವಳ ಪಕ್ಕದಲ್ಲೇ ಮಲಗಿದ್ದೆ. ಯುಗಾದಿಗೆ ಒಂದೇ ಒರಳಲ್ಲಿ ಹೂರಣ ರುಬ್ಬಿದ್ದೆವು.

“ರಂಗಮ್ಮನ್ನ ಬೈತೀಯಲ್ಲ ಅತ್ತಿಗೆ, ನೀನು ನಂಗೆ ಯಾಕೆ ಹೇಳ್ಲಿಲ್ಲ? ಇಷ್ಟು ತಿಂಗಳು?”

ಅವಳು ಕಿತ್ತುಹೋದ ಚಪ್ಪಲಿಯನ್ನು ಕಾಲಿನಿಂದ ಬೆಂಚಿನ ಕೆಳಗೆ ಸರಿಸಿದಳು.

“ನೀನೂ ಬೈತೀಯಲ್ಲೇ” ಎಂದಳು.

ವಾಪಸು ಬಸ್ಸಿನಲ್ಲಿ ಹೇಳಬೇಕೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ಅವಳ ಕೈ ಮೇಲೆ ಕೈ ಇಟ್ಟೆ. ಆ ಸೆಖೆಯಲ್ಲೂ ಅದು ತಣ್ಣಗಿತ್ತು. ಅಷ್ಟರಲ್ಲಿ ನರ್ಸು ಬಾಗಿಲು ತೆಗೆದು ಅವಳ ಹೆಸರು ಕೂಗಿದಳು.

ಅತ್ತಿಗೆ ಎದ್ದು ನಿಂತಳು. ಎರಡು ಹೆಜ್ಜೆ ಹೋಗಿ ತಿರುಗಿ ನನ್ನನ್ನು ನೋಡಿದಳು.

“ನೀನೂ ಒಳಗೆ ಬಾರೇ ಶಶಿ. ಬೈಬೇಡ, ಅಷ್ಟೇ.”